ಕಾಣಿಸಬೇಕೋ, ಕೇಳಿಸಬೇಕೋ

ಫೆಬ್ರವರಿ 6, ಸೋಮವಾರ

ಸಿಸಿಲಿಯಿಂದ ಕೊನೆಗೂ ಉತ್ತರ ಬಂತು. ಕೆಲಸ ನಮಗೇ ಕೊಡುತ್ತಾರಂತೆ.

ಅಲ್ಲಿಯ ಒಂದು ಬಂದರು ಊರಿನ ಶವಾಗಾರದವರು. ನಮ್ಮ ದಡದಲ್ಲಿ ದೋಣಿ ಹತ್ತಿ ಆ ದಡಕ್ಕೆ ಹೆಣವಾಗಿ ಸೇರಿದವರ ಗುರುತು ಹಚ್ಚಬೇಕು. ಡಾಕ್ಟರು ಅಲ್ಲಿಂದ ಇಟಾಲಿಯನ್‌ನಲ್ಲಿ ಹೇಳುತ್ತಾರೆ. ಇಲ್ಲಿ ಸ್ಫಾಕ್ಸ್‌ನಲ್ಲಿ, ನಮ್ಮ ಆಫೀಸಿಗೆ ಬಂದು ಕೂತ ಮನೆಯವರಿಗೆ ನಮ್ಮ ದುಭಾಷಿ ಅದನ್ನು ನಮ್ಮ ಅರಬ್ಬಿಯಲ್ಲಿ ಹೇಳಬೇಕು. ಇಷ್ಟು ವರ್ಷ ಆಲಿವ್ ಎಣ್ಣೆ ವ್ಯಾಪಾರಿಗಳ ಚೌಕಾಸಿಯನ್ನು ಈ ಕಡೆಯಿಂದ ಆ ಕಡೆಗೆ ದಾಟಿಸಿಕೊಂಡು ಹೊಟ್ಟೆ ಹೊರೆದವರು ನಾವು. ಇದು ಸರ್ಕಾರಿ ಕೆಲಸ. ಒಮ್ಮೆ ಕೈಗೆ ಸಿಕ್ಕರೆ ವರ್ಷಗಟ್ಟಲೆ ನಿಲ್ಲುತ್ತದೆ.

ಒಂದೇ ಪ್ರಶ್ನೆ ನಮ್ಮ ಕುತ್ತಿಗೆಗೆ ಕಟ್ಟಿದ್ದಾರೆ. ಕರೆ ವಿಡಿಯೊದಲ್ಲೋ, ಬರೀ ಧ್ವನಿಯಲ್ಲೋ? ಎರಡನ್ನೂ ಮಾಡಿ ನೋಡಿ, ರಂಜಾನ್ ಮುಗಿಯುವುದರೊಳಗೆ ಒಂದನ್ನು ಆರಿಸಿ ಹೇಳಿ, ಕರಾರಿನಲ್ಲಿ ಅದನ್ನೇ ಬರೆಯುತ್ತೇವೆ ಎಂದಿದ್ದಾರೆ.

ಮೊನ್ಸೆಫ್‌ಗೆ ಯೋಚನೆಯೇ ಬೇಕಾಗಲಿಲ್ಲ. ನನ್ನ ಚಿಕ್ಕಪ್ಪನ ಮಗ, ವ್ಯಾಪಾರದಲ್ಲಿ ಅರ್ಧ ಪಾಲುದಾರ, ಯಂತ್ರಗಳ ಹುಚ್ಚು. "ವಿಡಿಯೊ. ಇನ್ನೇನು? ಮುಖ ಕಾಣದೆ ಮಾತಾಡೋದು ಅಂದ್ರೆ ಕಣ್ಣು ಕಟ್ಕೊಂಡು ಮೀನು ಕೊಂಡ ಹಾಗೆ" ಎಂದ.

ವಸೀಲಾ ಚಹಾ ಲೋಟ ಕೆಳಗಿಟ್ಟಳು. ಶಾಲೆಯಲ್ಲಿ ಇಟಾಲಿಯನ್ ಕಲಿಸಿ ನಿವೃತ್ತಳಾದವಳು, ನಮ್ಮಲ್ಲಿ ಅವಳಷ್ಟು ಒಳ್ಳೆಯ ದುಭಾಷಿ ಇನ್ನೊಬ್ಬರಿಲ್ಲ. "ಮೊನ್ಸೆಫ್ ಸಾಹೇಬ್ರೇ, ಇದು ಮೀನಿನ ಮಾರ್ಕೆಟ್ ಅಲ್ಲ. ಧ್ವನಿಗೆ ಒಂದು ಮರ್ಯಾದೆ ಇರುತ್ತೆ. ಎಷ್ಟು ಬೇಕೋ ಅಷ್ಟು ಹೇಳುತ್ತೆ, ಅಲ್ಲಿಗೆ ನಿಲ್ಲುತ್ತೆ."

"ಲಲ್ಲಾ ವಸೀಲಾ, ನಿಮಗೆ ಮನೇಲಿ ಚಪ್ಪಲಿ ಹಾಕ್ಕೊಂಡು ಕೆಲಸ ಮಾಡೋದು ಇಷ್ಟ. ಅದಕ್ಕೇ ಕ್ಯಾಮೆರಾ ಬೇಡ ಅಂತೀರಿ."

"ಅದೂ ಹೌದು" ಎಂದಳು ವಸೀಲಾ. ನಕ್ಕೆವು.

"ನೀನು ಹೇಳು ದಲಂದಾ. ಅಡ್ಡಗೋಡೆ ಮೇಲೆ ದೀಪ ಇಡಬೇಡ" ಎಂದ ಮೊನ್ಸೆಫ್. ಎರಡನ್ನೂ ನೋಡೋಣ ಎಂದೆ. ಅಡ್ಡಗೋಡೆಯ ಮೇಲಿನ ದೀಪವೇ. ಆದರೆ ನೋಡದೆ ಸರಕು ಕೊಳ್ಳುವ ಅಭ್ಯಾಸ ನನಗಿಲ್ಲ.

ಫೆಬ್ರವರಿ 9, ಗುರುವಾರ

ಹಿಂದಿನ ಕೋಣೆಯನ್ನು ಖಾಲಿ ಮಾಡಿಸಿದೆವು. ಗಿರಾಕಿಗಳು ಅಲ್ಲಿ ಕೂರಲಿ. ಮೂರು ಕುರ್ಚಿ, ಒಂದು ಸೋಫಾ, ನೀರಿನ ಬಾಟಲಿ, ಕಾಗದದ ಕರವಸ್ತ್ರ. ಮೊನ್ಸೆಫ್ ಗೋಡೆಗೆ ದೊಡ್ಡ ಟಿವಿ ಹಾಕಿಸಿದ. ಅದರ ಕೆಳಗೆ ಮೇಜಿನ ಮೇಲೆ ಧ್ವನಿ ಕರೆಗೆ ಗುಂಡನೆಯ ಸ್ಪೀಕರು. ಕೆಳಗಡೆ ಹೊಲಿಗೆ ಯಂತ್ರದ ಬಿಡಿಭಾಗ ಮಾರುವವನು ಮೇಲೆ ಬಂದು ನೋಡಿ, "ಫುಟ್‌ಬಾಲ್ ನೋಡೋಕೆ ಯಾವಾಗ ಬರ್ಲಿ?" ಎಂದು ಕೇಳಿದ. ಮೊನ್ಸೆಫ್ ಅವನನ್ನು ಬೈದು ಕಳಿಸಿದ.

ನನ್ನ ಗಂಡ ಹೆದಿ ರಾತ್ರಿ ಊಟಕ್ಕೆ ಸೀಬಾಸ್ ಮೀನು ತಂದಿದ್ದರು. ಮಗಳು ಯೊಸ್ರಾ ಹಾಕಿದ ಹರೀಸಾ ಖಾರಕ್ಕೆ ಮೂವರ ಕಣ್ಣಲ್ಲೂ ನೀರು. ಈ ವರ್ಷ ಬಕಲೊರಿಯಾ ಪರೀಕ್ಷೆ ಬರೆಯುವ ಹುಡುಗಿ, ಅಡುಗೆಮನೆಯಲ್ಲಿ ಏನು ಕೆಲಸ ಎಂದರೆ ತಲೆ ತಂಪಾಗುತ್ತೆ ಅನ್ನುತ್ತಾಳೆ. ತಲೆ ತಂಪು, ನಾಲಗೆ ಬೆಂಕಿ.

ಫೆಬ್ರವರಿ 14, ಮಂಗಳವಾರ

ಮೊದಲ ಗಿರಾಕಿ ಬಂದಳು. ಧ್ವನಿ ಕರೆ.

ಜಬನಿಯಾನಾ ಕಡೆಯ ಹಳ್ಳಿಯ ಹೆಂಗಸು, ಮಬ್ರೂಕಾ ಅಂತ. ಬಾಡಿಗೆ ಕಾರಿನಲ್ಲಿ ಐವರು ಹೆಂಗಸರ ಜೊತೆ ಬಂದಿದ್ದಳು, ಅವರೆಲ್ಲ ಹೊರಗೆ ಮೆಟ್ಟಿಲ ಮೇಲೆ ಕೂತರು. ಮಗ ಮಾಹೆರ್ ಹೊಸವರ್ಷಕ್ಕೆ ಮುಂಚೆ ದೋಣಿ ಹತ್ತಿದವನು, ಆಮೇಲೆ ಸುದ್ದಿಯಿಲ್ಲ. ನಾನು ಅವಳ ಪಕ್ಕ ಕೂತೆ. ವಸೀಲಾ ತನ್ನ ಮನೆಯಿಂದ ಕರೆಗೆ ಸೇರಿದಳು. ಆ ಕಡೆ ಶವಾಗಾರದ ಡಾಕ್ಟರ್ ಪಿಯಾ ರಜೆಯಲ್ಲಿದ್ದಳು, ಯಾರೋ ಒಬ್ಬ ಅಧಿಕಾರಿ ಕಡತ ತೆರೆದು ಓದಿದ.

ದುಭಾಷಿ ಯಾವಾಗಲೂ 'ನಾನು' ಎಂದೇ ಹೇಳುತ್ತಾಳೆ, ಆ ಕಡೆಯವರ ಬಾಯಾಗಿ. ವಸೀಲಾ ಹಾಗೆಯೇ ಶುರು ಮಾಡಿದಳು. "ನನ್ನ ಮುಂದೆ ಒಬ್ಬ ಯುವಕನ ವಿವರ ಇದೆ. ವಯಸ್ಸು ಇಪ್ಪತ್ತೈದರ ಒಳಗೆ ಇರಬಹುದು."

ಮಬ್ರೂಕಾ ಸ್ಪೀಕರಿನ ಹತ್ತಿರಕ್ಕೆ ಬಾಗಿದಳು. "ನಿನ್ನ ಮುಂದೆ ಇದಾನಾ ತಂಗಿ? ಒಂದ್ಸಲ ಹಣೆ ಮುಟ್ಟಿ ನೋಡು."

ವಸೀಲಾ ಇದ್ದದ್ದು ತನ್ನ ಅಡುಗೆಮನೆಯಲ್ಲಿ ಎಂದು ಹೇಗೆ ಹೇಳುವುದು? ನಾನು ಮಬ್ರೂಕಾಳ ಕೈ ಹಿಡಿದು, ಚಿಕ್ಕಮ್ಮನನ್ನು ಕರೆಯುವ ಹಾಗೆ, "ಖಾಲ್ತಿ, ಅವರು ಬರೀ ಮಾತು ದಾಟಿಸೋರು" ಎಂದೆ. ಅವಳು ತಲೆಯಾಡಿಸಿದಳು. ಅರ್ಥವಾಯಿತೋ ಇಲ್ಲವೋ.

ಅಧಿಕಾರಿ ಓದುತ್ತಾ ಹೋದ. ಮೇಲಿನ ಹಲ್ಲು ಒಂದು ಮುರಿದಿದೆ. ಕಡು ನೀಲಿ ಬಣ್ಣದ, ಕೈಯಲ್ಲಿ ಹೆಣೆದ ಉಣ್ಣೆ ಸ್ವೆಟರು. ಮಬ್ರೂಕಾ ಆಗ ತಲೆಗೆ ಹೊದ್ದ ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಬಲ ಮೊಣಕಾಲಿನ ಕೆಳಗೆ ಹಳೆಯ ಗಾಯದ ಕಲೆ, ಎಂದು ಓದಿದ ಅಧಿಕಾರಿ.

"ಯಾವ ಕಾಲು?" ಎಂದಳು.

"ಬಲಗಾಲು."

"ಇನ್ನೊಂದ್ಸಲ ಕೇಳು ತಂಗಿ."

ವಸೀಲಾ ಕೇಳಿದಳು. ಬಲಗಾಲು ಎಂದೇ ಬಂತು.

ಮಬ್ರೂಕಾ ಎದ್ದು ನಿಂತಳು. "ನನ್ನ ಮಗ ಬಾವಿಕಟ್ಟೆ ಮೇಲಿಂದ ಬಿದ್ದಿದ್ದು ಎಡಗಾಲಿನ ಮೇಲೆ. ಅದು ನನ್ನ ಮಗ ಅಲ್ಲ. ಯಾರ ಮಗನೋ ಪಾಪ, ದೇವರು ಅವನಿಗೆ ಕರುಣೆ ತೋರಿಸಲಿ." ಹೊರಗೆ ಹೋಗಿ ಹೆಂಗಸರಿಗೆ ಹೇಳಿದಳು. ಮೆಟ್ಟಿಲ ಮೇಲೆಯೇ ಅವರು ನಾಲಗೆ ಕುಣಿಸಿ ಹರ್ಷದ ಕೂಗು ಹಾಕಿದರು. ಬಿಡಿಭಾಗದವನು ಮದುವೆ ದಿಬ್ಬಣ ಬಂತೇನೋ ಎಂದು ಬೀದಿಗೆ ಇಳಿದು ನೋಡಿದನಂತೆ.

ಕೆಲಸ ಸುಸೂತ್ರವಾಯಿತು. ಸದ್ದು ಸ್ಪಷ್ಟ, ಎಲ್ಲೂ ಕಡಿಯಲಿಲ್ಲ. ಧ್ವನಿಗೆ ಒಂದು ಅಂಕ.

ಫೆಬ್ರವರಿ 16, ಗುರುವಾರ

ಮಬ್ರೂಕಾ ಯಾರದೋ ಕೈಲಿ ಒಂದು ಡಬ್ಬಿ ಮಖ್ರೂದ್ ಕಳಿಸಿದ್ದಾಳೆ, ಖರ್ಜೂರ ತುಂಬಿ ಕರಿದು ಪಾಕದಲ್ಲಿ ಅದ್ದಿದ್ದು. ಮೊನ್ಸೆಫ್ ನಾಲ್ಕು ತಿಂದ. "ನೋಡು, ಸತ್ತವರ ಕೆಲಸ ಅಂತ ಹೆದರಿಸಿದ್ರು. ಇಲ್ಲಿ ಸಿಹಿ ಹಂಚ್ತಾರೆ" ಎಂದ. ವಸೀಲಾ ಮುಟ್ಟಲಿಲ್ಲ. ಏಕೆಂದು ಕೇಳಿದೆ. "ಹಲ್ಲುನೋವು" ಎಂದಳು.

ಫೆಬ್ರವರಿ 24, ಶುಕ್ರವಾರ

ಈ ವಾರವೂ ಧ್ವನಿ ಕರೆಗಳೇ. ಒಂದು ಗಮನಿಸಿದೆ, ಕರಾರಿಗೆ ಬೇಕಾಗುವ ವಿಷಯ. ಕಿವಿಯಲ್ಲಿ ಕೇಳಿದ್ದನ್ನು ಅಲ್ಲಗಳೆಯುವುದು ಬಹಳ ಸುಲಭ. "ಕಪ್ಪು ಜಾಕೆಟ್ಟಾ? ಊರ ತುಂಬ ಕಪ್ಪು ಜಾಕೆಟ್ಟೇ." "ಬೆಳ್ಳಿ ಉಂಗುರವಾ? ಅವನು ಯಾರಿಗಾದ್ರೂ ಕೊಟ್ಟಿರಬೇಕು, ಅವನದು ಧಾರಾಳ ಕೈ." ಬಂದವರಲ್ಲಿ ಒಬ್ಬರೂ ಹೌದು ಎನ್ನಲಿಲ್ಲ. ಎಲ್ಲರೂ ಅಲ್ಲ ಎಂದು ಹೇಳಿ, ಎದ್ದು, ನಮಗೇ ಸಮಾಧಾನ ಹೇಳಿ ಹೋದರು.

ಶವಾಗಾರದವರಿಗೆ ಬೇಕಿರುವುದು ಹೌದು ಎಂಬ ಒಂದು ಮಾತು. ಹೀಗಾದರೆ ಕೆಲಸ ನಿಲ್ಲುವುದಿಲ್ಲ. ಮೊನ್ಸೆಫ್ ಹೇಳುವುದರಲ್ಲಿ ಹುರುಳಿದೆ.

ಮಾರ್ಚ್ 2, ಗುರುವಾರ

ಡಾಕ್ಟರ್ ಪಿಯಾ ತಾನೇ ಕರೆ ಮಾಡಿದಳು, ವಿಡಿಯೊದಲ್ಲಿ. ನಲವತ್ತರ ಹೆಂಗಸು, ಕೂದಲು ಹಿಂದಕ್ಕೆ ಕಟ್ಟಿ ಪೆನ್ನು ಸಿಕ್ಕಿಸಿಕೊಂಡಿದ್ದಳು. ಕ್ಷಮಿಸಿ ಎಂದು ಶುರು ಮಾಡಿದಳು.

ಅವತ್ತು ಆ ಅಧಿಕಾರಿ ಓದಿದ್ದು ಫೋಟೊ ನೋಡಿ. ಫೋಟೊ ತೆಗೆದದ್ದು ಕಾಲಿನ ಕಡೆ ನಿಂತು. ನೋಡುವವನ ಬಲವನ್ನು ಅವನು ಸತ್ತವನ ಬಲ ಎಂದು ಓದಿಬಿಟ್ಟಿದ್ದಾನೆ. "ನಾನೇ ಈಗ ಹೋಗಿ ನೋಡಿದೆ. ಕಲೆ ಇರುವುದು ಎಡ ಮೊಣಕಾಲಿನ ಕೆಳಗೆ. ಆ ತಾಯಿ ಯಾವ ಕಾಲು ಎಂದು ಕೇಳಿದ್ದರೆಂದು ಟಿಪ್ಪಣಿಯಲ್ಲಿದೆ."

ನೋಡುತ್ತೀರಾ ಎಂದಳು. ಹೂಂ ಎಂದೆ. ಏಕೆ ಎಂದೆನೋ ಗೊತ್ತಿಲ್ಲ, ಖಚಿತ ಮಾಡಿಕೊಳ್ಳೋಣ ಎಂದಿರಬೇಕು. ಫೋನು ಹಿಡಿದು ನಡೆದಳು. ಬಾಗಿಲು, ಬಿಳಿ ದೀಪ, ಉದ್ದನೆಯ ತಟ್ಟೆ. ಮೊದಲು ಕಾಲು. ಕಲೆ ಅರ್ಧಚಂದ್ರದ ಹಾಗಿದೆ. ಆಮೇಲೆ ಮಡಿಸಿಟ್ಟ ಸ್ವೆಟರು. ಆಮೇಲೆ ನಾನು ಸಾಕು ಎನ್ನುವ ಮೊದಲೇ ಮುಖ.

ಮೊನ್ಸೆಫ್‌ಗೆ ಹೇಳಿದೆ. ಅವನು ಮಖ್ರೂದಿನ ಖಾಲಿ ಡಬ್ಬಿಯನ್ನು ಕಪಾಟಿನಿಂದ ತೆಗೆದು ಹೊರಗೆ ಎಸೆದು ಬಂದ.

ಮಬ್ರೂಕಾಗೆ ಹೇಳಬೇಕು. ನಾಳೆ.

ಮಾರ್ಚ್ 4, ಶನಿವಾರ

ಫೋನು ಮಾಡಿದೆ. ಮಬ್ರೂಕಾಳೇ ಎತ್ತಿದಳು. "ಯಾರು? ಸ್ಫಾಕ್ಸಿನ ಮಗಳಾ? ನೋಡು, ಮಾಹೆರ್ ಹಾಸಿಗೇನೆಲ್ಲ ಇವತ್ತು ಬಿಸಿಲಿಗೆ ಹಾಕಿದೀನಿ" ಎಂದಳು. ಮಖ್ರೂದ್ ಚೆನ್ನಾಗಿತ್ತು ಎಂದು ಹೇಳಲು ಮಾಡಿದೆ ಎಂದು ಹೇಳಿ ಇಟ್ಟುಬಿಟ್ಟೆ.

ಹೀಗೆ ಫೋನಿನಲ್ಲಿ ಹೇಳುವ ಮಾತಲ್ಲ. ಹೋಗಿಯೇ ಹೇಳಬೇಕು.

ಇನ್ನು ಮೇಲೆ ವಿಡಿಯೊ. ನಿರ್ಧಾರವಾಯಿತು. ಕಾಲು ಎಡವೋ ಬಲವೋ ಎಂಬ ಅನುಮಾನಕ್ಕೆ ಎಡೆಯೇ ಬೇಡ. ವಸೀಲಾಗೆ ತಿಳಿಸಿದೆ. "ನನ್ನ ನಾಲಗೆಗೆ ಅಭ್ಯಾಸ ಇದೆ ಲಲ್ಲಾ, ಕಣ್ಣಿಗಿಲ್ಲ. ನನ್ನಿಂದ ಆಗಲ್ಲ" ಎಂದಳು. ಬಲವಂತ ಮಾಡಲಿಲ್ಲ. ನನಗೂ ಇಟಾಲಿಯನ್ ಬರುತ್ತದಲ್ಲ. ನಾನೇ ಕೂರುತ್ತೇನೆ.

ಮಾರ್ಚ್ 9, ಗುರುವಾರ

ಬರೆಯುತ್ತೇನೆ, ಬರೆದರೆ ಹೋಗಬಹುದು.

ಹಾಜ್ ಖಲೀಫಾ ಬಂದಿದ್ದರು. ಸ್ಪಂಜು ಕೀಳುವ ದೋಣಿಗಳ ಹಳೆಯ ಮುಳುಗುಗಾರ, ಕೆರ್ಕೆನಾ ದ್ವೀಪದವರು. ಬೂದು ಕೋಟು, ಎಡಗೈಯ ಕಿರುಬೆರಳು ಇಲ್ಲ. ಜೊತೆಗೆ ಸೊಸೆ. "ನನಗೆ ಸಮುದ್ರ ಏನು ಮಾಡುತ್ತೆ ಅಂತ ಗೊತ್ತು ಮಗಳೇ. ತೋರಿಸು, ಹೆದರ್ಬೇಡ" ಎಂದರು. ಅವರಿಗಿಂತ ಗಟ್ಟಿ ಮನುಷ್ಯರು ಸಿಗುವುದಿಲ್ಲ ಎಂದುಕೊಂಡೆ. ಸೊಸೆ ಹೊರಗೇ ಇದ್ದಳು.

ಡಾಕ್ಟರ್ ಪಿಯಾ ಮೆಲ್ಲಗೆ ಬಟ್ಟೆ ಸರಿಸಿದಳು. ಹಾಜ್ ನೋಡಿದರು. "ಅವನೇ. ನನ್ನ ಮಗ ಜಲೀಲ್" ಎಂದರು. ನಾನು ಅದನ್ನು ಇಟಾಲಿಯನ್‌ನಲ್ಲಿ ಹೇಳಿದೆ. ಅಲ್ಲಿಗೆ ಮುಗಿಯಬೇಕಿತ್ತು. ಇಂಟರ್ನೆಟ್ಟು ಹೋಯಿತು.

ಹೋಯಿತು ಎಂದರೆ ಪರದೆ ಕಪ್ಪಾಗಲಿಲ್ಲ. ಮುಖ ಹಾಗೇ ನಿಂತಿತು. ಗೋಡೆಯಷ್ಟು ಅಗಲಕ್ಕೆ, ಒಂದು ಕಣ್ಣು ಅರೆ ತೆರೆದುಕೊಂಡು. ಮೊನ್ಸೆಫ್ ರಿಮೋಟು ಒತ್ತಿದ, ಯಂತ್ರ ಕುಟ್ಟಿದ, ಮೇಜಿನ ಕೆಳಗೆ ತೂರಿದ.

"ಕಣ್ಣು ಮುಚ್ಚೋಕೆ ಹೇಳು ಅವರಿಗೆ" ಎಂದರು ಹಾಜ್.

"ಹಾಜ್, ಲೈನು ಹೋಗಿದೆ. ಅವರಿಗೆ ಕೇಳಿಸಲ್ಲ."

"ಅವನ ಕಣ್ಣು ಮುಚ್ಚಿಲ್ಲ. ಅಷ್ಟು ಜನ ಇದಾರೆ ಅಲ್ಲಿ, ಒಬ್ಬರಾದ್ರೂ ಮುಚ್ಚಬಾರ್ದಾ?"

ಎದ್ದು ಹೋಗಿ ಟಿವಿಯ ಮುಂದೆ ನಿಂತರು. ಹೆಬ್ಬೆರಳಿನಿಂದ ಆ ರೆಪ್ಪೆಯನ್ನು ಕೆಳಕ್ಕೆ ಸವರಿದರು. ಮತ್ತೆ ಸವರಿದರು. ಗಾಜಿನ ಮೇಲೆ ಬೆರಳು ಜಾರುವ ಸದ್ದು. ಮೊನ್ಸೆಫ್‌ಗೆ ತಾಳಲಾಗಲಿಲ್ಲ, ಗೋಡೆಯಿಂದ ವೈರನ್ನೇ ಕಿತ್ತ. ಪರದೆ ಆರಿತು.

ಹಾಜ್ ತಿರುಗಿ ನಮ್ಮನ್ನು ನೋಡಿ, "ಎಲ್ಲಿ ಹೋದ?" ಎಂದರು.

ಮಾರ್ಚ್ 10, ಶುಕ್ರವಾರ

ಆಫೀಸಿಗೆ ಹೋಗಲಿಲ್ಲ.

ಮಾರ್ಚ್ 13, ಸೋಮವಾರ

ಮೊನ್ಸೆಫ್ ಟಿವಿಯನ್ನು ಗೋಡೆಯಿಂದ ಇಳಿಸಿದ್ದಾನೆ. "ಬಿಟ್ಬಿಡೋಣ ದಲಂದಾ. ಎಣ್ಣೆ ವ್ಯಾಪಾರಾನೇ ಸಾಕು. ವಿಡಿಯೊ ವಿಡಿಯೊ ಅಂತ ಕುಣಿದಿದ್ದು ನಾನೇ. ನನ್ನ ಕಣ್ಣಿಗೆ ಆ ಬೆರಳೇ ಬರುತ್ತೆ."

ಬಿಡುವುದಿಲ್ಲ ಎಂದೆ. ಬಿಟ್ಟರೆ ಮನೆಯವರನ್ನು ಯಾರು ಕೂರಿಸಿಕೊಳ್ಳುತ್ತಾರೆ? ಪೊಲೀಸ್ ಠಾಣೆಯ ಬೆಂಚೇ?

ಒಂದು ದಾರಿ ಹೊಳೆದಿದೆ. ಪರದೆ ನನ್ನ ಕಡೆಗೆ ಇರಲಿ, ಸಣ್ಣ ಲ್ಯಾಪ್‌ಟಾಪು. ಮನೆಯವರು ಮೇಜಿನ ಆ ಕಡೆ ಕೂರಲಿ. ನಾನು ನೋಡುತ್ತೇನೆ, ಅವರು ನನ್ನಿಂದ ಕೇಳುತ್ತಾರೆ. ಎಡ ಬಲ ತಪ್ಪುವುದಿಲ್ಲ, ಯಾರೂ ಗಾಜು ಸವರಬೇಕಾಗಿಲ್ಲ. ಬೇಕೇ ಬೇಕು ಎಂದವರಿಗೆ ಮಾತ್ರ ಕೊನೆಯಲ್ಲಿ ತಿರುಗಿಸಿ ತೋರಿಸಿದರಾಯಿತು.

"ಎಲ್ಲರದ್ದೂ ನೀನೊಬ್ಬಳೇ ನೋಡ್ತೀಯಾ?" ಎಂದ ಮೊನ್ಸೆಫ್.

ಒಬ್ಬರು ನೋಡಲೇಬೇಕಲ್ಲ ಎಂದೆ.

ಮಾರ್ಚ್ 20, ಸೋಮವಾರ

ಹೊಸ ಪದ್ಧತಿ ನಡೆಯುತ್ತಿದೆ. ಜನ ಹೌದು ಎನ್ನುತ್ತಿದ್ದಾರೆ. ಶುಕ್ರವಾರ ರಬಹ್ ಎಂಬ ಹುಡುಗಿ ಬಂದಿದ್ದಳು, ಹಳದಿ ಸ್ಕಾರ್ಫು, ಗದ್ದದ ಮೇಲೆ ಎರಡು ಮಚ್ಚೆ. ಅಣ್ಣನನ್ನು ಹುಡುಕಿಕೊಂಡು. ನಾನು ಹೇಳುತ್ತಿದ್ದಾಗ ಅವಳು ಪರದೆಯ ಬೆನ್ನನ್ನು ನೋಡಲಿಲ್ಲ, ನನ್ನ ಕಣ್ಣನ್ನೇ ನೋಡುತ್ತಿದ್ದಳು. ನಾನು ಬಾಯಿ ಬಿಡುವ ಮೊದಲೇ ಅಳಲು ಶುರು ಮಾಡಿದಳು.

ಡಾಕ್ಟರ್ ಪಿಯಾ ಇವತ್ತು ಕೇಳಿದಳು, ನೀಲಿ ಸ್ವೆಟರಿನವನ ತಾಯಿಗೆ ತಿಳಿಸಿದಿರಾ? ಮುಂದಿನ ವಾರ ಎಂದೆ.

ಮಾರ್ಚ್ 23, ಗುರುವಾರ

ರಂಜಾನ್ ಶುರು. ಉಪವಾಸದ ತಿಂಗಳಲ್ಲಿ ಯಾರ ಮನೆಗಾದರೂ ಇಂಥ ಸುದ್ದಿ ಒಯ್ಯುತ್ತಾರೆಯೇ? ಹಬ್ಬ ಕಳೆಯಲಿ.

ಏಪ್ರಿಲ್ 1, ಶನಿವಾರ

ಇಫ್ತಾರ್‌ಗೆ ಹೆದಿಯ ತಂಗಿ ಮನೆಯವರು ಬಂದಿದ್ದರು. ಮೊಟ್ಟೆ ತುಂಬಿ ಕರಿದ ಬ್ರಿಕ್, ಸೂಪು, ಮೀನಿನ ಕುಸ್‌ಕುಸ್. ನಾನು ಬ್ರಿಕ್ ತಿಂದು ಎದ್ದೆ. ಮೀನು ಈಚೆಗೆ ನನಗೆ ಹಿಡಿಸುತ್ತಿಲ್ಲ, ವಾಯು ಇರಬೇಕು.

ಎಲ್ಲ ಹೋದ ಮೇಲೆ ಹೆದಿ, "ಯಾಕೆ ಹಾಗೆ ನೋಡ್ತೀಯ?" ಎಂದರು.

"ಹೇಗೆ?"

"ನಾನು ಅಂಗಿ ಬಿಚ್ಚೋವಾಗೆಲ್ಲ ನೋಡ್ತೀಯ. ಹೊಸ ಮದುವಣಗಿತ್ತಿ ಹಾಗೆ ಅಂತ ಖುಷಿ ಪಡೋಣ ಅಂದ್ರೆ ಆ ನೋಟ ಅಲ್ಲ ಇದು. ದರ್ಜಿ ಅಳತೆ ತಗೊಂಡ ಹಾಗಿದೆ."

ಏನೇನೋ ಹೇಳುತ್ತಾರೆ. ಹಸಿವಿನಲ್ಲಿ ಗಂಡಸರಿಗೆ ತಲೆ ಕೆಡುತ್ತದೆ. ಅವರ ಬೆನ್ನ ಮೇಲೆ, ಬಲ ಹೆಗಲ ಮೂಳೆಯ ಕೆಳಗೆ, ಕಡಲೆಕಾಳಿನಷ್ಟು ಮಚ್ಚೆಯಿದೆ. ಇಷ್ಟು ವರ್ಷ ಸಂಸಾರ ಮಾಡಿ ನನಗೆ ಗೊತ್ತೇ ಇರಲಿಲ್ಲ.

ಏಪ್ರಿಲ್ 7, ಶುಕ್ರವಾರ

ಇನ್ನು ತಳ್ಳುವ ಹಾಗಿಲ್ಲ. ಶವಾಗಾರದಲ್ಲಿ ಜಾಗವಿಲ್ಲವಂತೆ. ಮುಂದಿನ ಗುರುವಾರ ಮಾಹೆರ್‌ನನ್ನು ಮಣ್ಣು ಮಾಡುತ್ತಾರೆ. ಅಷ್ಟರಲ್ಲಿ ಮನೆಯವರು ಹೌದು ಎಂದರೆ ಕಲ್ಲಿನ ಮೇಲೆ ಹೆಸರು. ಇಲ್ಲದಿದ್ದರೆ ಬರೀ ಸಂಖ್ಯೆ.

ಮೊನ್ಸೆಫ್ ಕಾರು ತೆಗೆಯುತ್ತೇನೆ ಎಂದ. ವಸೀಲಾ, ತಾನೂ ಬರುತ್ತೇನೆ ಎಂದಳು. "ಅವತ್ತು ಬಲಗಾಲು ಅಂತ ಹೇಳಿದ್ದು ನನ್ನ ಬಾಯಿ."

"ಅಲ್ಲಿಂದ ಬಂದಿದ್ದನ್ನ ಹೇಳಿದ್ರಿ" ಎಂದೆ.

"ಆದ್ರೂ" ಎಂದಳು.

ಏಪ್ರಿಲ್ 9, ಭಾನುವಾರ

ಹೋಗಿ ಬಂದೆವು.

ಆಲಿವ್ ತೋಟಗಳ ನಡುವೆ ಒಂದೇ ಅಂತಸ್ತಿನ ಬಿಳಿ ಮನೆ. ಮಬ್ರೂಕಾ ಅಂಗಳದಲ್ಲಿ ಕೂತು ಹಬ್ಬದ ತಿಂಡಿಗೆ ಎಳ್ಳು ಆರಿಸುತ್ತಿದ್ದಳು. ನಮ್ಮ ಮೂವರನ್ನೂ ನೋಡಿದಳು, ಎದ್ದೇಳಲಿಲ್ಲ.

"ಕೂತ್ಕೊಳ್ಳಿ. ಉಪವಾಸ ಇದೀರಿ, ನೀರೂ ಕೊಡೋ ಹಾಗಿಲ್ಲ."

ಖಾಲ್ತಿ ಎಂದೆ. ಮುಂದಿನ ಮಾತನ್ನು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದೆ. ಒಂದೂ ಬರಲಿಲ್ಲ. ವಸೀಲಾಳೇ ಅವಳ ಕಾಲ ಬಳಿ ನೆಲದ ಮೇಲೆ ಕೂತು ಹೇಳಿದಳು. "ಅಮ್ಮಾ, ಅವತ್ತು ಫೋನಲ್ಲಿ ಮಾತಾಡಿದ್ದು ನಾನು. ಅವರು ಓದಿದ್ದು ತಪ್ಪಾಗಿತ್ತು. ಎಡಗಾಲು."

ಮಬ್ರೂಕಾ ಎಳ್ಳಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ಚೆಲ್ಲಲಿಲ್ಲ.

"ನನಗೆ ಗೊತ್ತಿತ್ತು" ಎಂದಳು.

ವಸೀಲಾ ತಲೆಯೆತ್ತಿ ಅವಳನ್ನು ನೋಡಿದಳು.

"ನೀಲಿ ಸ್ವೆಟರ್ ಅಂದಾಗಲೇ ಗೊತ್ತಾಯ್ತು. ಹೆಣೆದಿದ್ದು ನಾನು, ನನಗೆ ಗೊತ್ತಾಗಲ್ವಾ? ಆಮೇಲೆ ನೀನು ಬಲಗಾಲು ಅಂದೆ ತಂಗಿ. ಒಂದು ಮಾತು ಸಿಕ್ತು. ಮುಳುಗೋಳಿಗೆ ಹಗ್ಗ ಸಿಕ್ಕಿದ ಹಾಗೆ ಹಿಡ್ಕೊಂಡೆ. ಇಷ್ಟು ದಿನ ಅವನು ಈ ಮನೇಲಿ ಬದುಕಿದ್ದ. ಹಾಸಿಗೆ ಬಿಸಿಲಿಗೆ ಹಾಕಿದೆ. ನೆರೆಯವರು ಕೇಳಿದ್ರೆ, ಜರ್ಮನಿಗೆ ಹೋಗಿದಾನೆ ಕಣ್ರೇ, ಫೋನು ಕಳೆದಿದೆಯಂತೆ ಅಂದೆ." ನನ್ನ ಕಡೆ ತಿರುಗಿದಳು. "ನೀನು ಫೋನು ಮಾಡಿದ ದಿನ ಹೇಳಿಬಿಡ್ತೀಯ ಅಂತ ಎದೆ ಹೊಡ್ಕೊಳ್ತಿತ್ತು. ಅದಕ್ಕೇ ಬಡಬಡ ಅಂತ ಮಾತಾಡಿದೆ. ನೀನು ಹೇಳ್ಲಿಲ್ಲ. ದೇವರು ನಿನಗೆ ಒಳ್ಳೇದು ಮಾಡ್ಲಿ."

ಅವಳು ಹರಸಿದ್ದಕ್ಕೆ ನಾನು ತಕ್ಕವಳಲ್ಲ. ಗುರುವಾರದ ವಿಷಯ ಹೇಳಿದೆ. ಹೆಸರಿನ ಕಲ್ಲಿನ ವಿಷಯ ಹೇಳಿದೆ. ಅದಕ್ಕೆ ಮೊದಲು ನೋಡಬೇಕೆಂದರೆ ಫೋನಿನಲ್ಲಿ ತೋರಿಸುತ್ತೇನೆ, ನಾನು ಪಕ್ಕದಲ್ಲೇ ಇರುತ್ತೇನೆ ಎಂದೆ.

"ನೀನು ನೋಡಿದೀಯಾ?"

"ನೋಡಿದೀನಿ."

"ಹಾಗಾದ್ರೆ ಸಾಕು. ನನ್ನ ಹತ್ರ ಇರೋ ಮುಖ ನನಗಿರ್ಲಿ." ಮೊಣಕಾಲಿಗೆ ಕೈ ಊರಿ ಎದ್ದಳು. "ನನಗೆ ಅವನು ಕಾಣೋದು ಬೇಡ. ಅವನಿಗೆ ನಾನು ಕೇಳಿಸ್ಬೇಕು. ಮಣ್ಣು ಮಾಡೋ ಮುಂಚೆ ಆ ಫೋನನ್ನ ಅವನ ಹತ್ರ ಇಡೋಕೆ ಆಗುತ್ತಾ? ಹೇಳಿ ಕಳಿಸೋ ಮಾತಿತ್ತು. ಹೋಗೋವಾಗ ಅವನು ನನ್ನ ಎಬ್ಬಿಸ್ಲೇ ಇಲ್ಲ."

ಮೊನ್ಸೆಫ್ ಕಾರಿನ ಕಡೆ ನಡೆದುಬಿಟ್ಟ.

ಏಪ್ರಿಲ್ 13, ಗುರುವಾರ

ಹಿಂದಿನ ಕೋಣೆಗೆ ಹೋಗುವುದು ಬೇಡ ಎಂದು ಮಬ್ರೂಕಾಳನ್ನು ನನ್ನ ಮೇಜಿನ ಹತ್ತಿರ, ಕಿಟಕಿಯ ಪಕ್ಕ ಕೂರಿಸಿದೆ. ಧ್ವನಿ ಕರೆ. ಸ್ಪೀಕರು ಅವಳ ಮುಂದೆ.

ಆ ಕಡೆ ಗಾಳಿಯ ಸದ್ದು, ಜಲ್ಲಿ ಕಲ್ಲಿನ ಮೇಲೆ ಹೆಜ್ಜೆ. ಅಲ್ಲಿಯ ಮಸೀದಿಯಿಂದ ನಾಲ್ಕು ಜನ ಬಂದು ನಮಾಜು ಮುಗಿಸಿದ್ದರು. ಡಾಕ್ಟರ್ ಪಿಯಾಳೇ ಸ್ಮಶಾನಕ್ಕೆ ಬಂದಿದ್ದಳು. ಫೋನನ್ನು ಪೆಟ್ಟಿಗೆಯ ಮೇಲೆ, ತಲೆಯ ಕಡೆ ಇಟ್ಟಿದ್ದೇನೆ, ಈಗ ಮಾತಾಡಬಹುದು ಎಂದಳು. ನಾನು ದಾಟಿಸಿದೆ.

ಮಬ್ರೂಕಾ ಗಂಟಲು ಸರಿ ಮಾಡಿಕೊಂಡಳು. ಅಳುತ್ತಾಳೆ ಎಂದುಕೊಂಡಿದ್ದೆವು. ಇಲ್ಲ. ಒಳಮನೆಯಿಂದ ಅಂಗಳಕ್ಕೆ ಕೂಗಿ ಮಾತಾಡುವ ಹಾಗೆ, ಸ್ವಲ್ಪ ಜೋರಾಗಿ ಮಾತಾಡಿದಳು.

"ಮಾಹೆರ್. ನಾನು ಕಣೋ, ನಿನ್ನಮ್ಮ. ಸ್ವೆಟರ್ ಹಾಕ್ಕೊಂಡು ಹೋದ್ಯಂತೆ, ಒಳ್ಳೇದು ಮಾಡ್ದೆ, ಚಳಿ ಇತ್ತು. ನಿನ್ನ ಮೇಲೆ ಕೋಪ ಇಲ್ಲ. ಎಬ್ಬಿಸಿದ್ರೆ ಬಿಡ್ತಿರ್ಲಿಲ್ಲ ಅಂತ ನಿನಗೆ ಗೊತ್ತಿತ್ತು, ಅದಕ್ಕೇ ಎಬ್ಬಿಸ್ಲಿಲ್ಲ. ಬಾವಿ ಹತ್ರ ಗೋಡೆ ಕಟ್ಟಿಸ್ತೀನಿ ಅಂತಿದ್ಯಲ್ಲ, ನಿನ್ನ ಮಾವ ಕಟ್ಟಿಸಿದಾನೆ. ಕರಿ ಮೇಕೆ ಎರಡು ಮರಿ ಹಾಕಿದೆ. ಇನ್ನು ಯಾವುದಕ್ಕೂ ಕಾಯಬೇಡ ಮಗನೇ. ಮಲಗು. ನಾನೇ ಬರ್ತೀನಿ."

ವಸೀಲಾ ನನ್ನ ಪಕ್ಕದಲ್ಲಿದ್ದಳು. ಅಭ್ಯಾಸಬಲ, ಅವಳ ತುಟಿ ಇಟಾಲಿಯನ್‌ಗೆ ತೆರೆದುಕೊಂಡಿತು. ನಾನು ಅವಳ ಕೈ ಮೇಲೆ ಕೈಯಿಟ್ಟೆ. ಇದನ್ನು ಯಾರಿಗೂ ದಾಟಿಸಬೇಕಾಗಿರಲಿಲ್ಲ.

ಮಬ್ರೂಕಾ ಫಾತಿಹಾ ಪ್ರಾರ್ಥನೆ ಓದಿದಳು, ಅಂಗೈಯಿಂದ ಮುಖ ಸವರಿಕೊಂಡಳು. ಫೋನನ್ನು ಎತ್ತಿಕೊಂಡ ಸದ್ದು ಬಂತು. ಪೆಟ್ಟಿಗೆ ಇಳಿಸುವ ಹಗ್ಗದ ಸದ್ದು, ಆಮೇಲೆ ಮಣ್ಣು. ಮೊದಲು ಪೆಟ್ಟಿಗೆಯ ಮೇಲೆ ಬೀಳುವ ಸದ್ದು, ನಂತರ ಮಣ್ಣಿನ ಮೇಲೆ ಮಣ್ಣು ಬೀಳುವ ಮೆತ್ತನೆಯ ಸದ್ದು. ಅವಳು ಪೂರ್ತಿ ಕೇಳಿದಳು. ಅದು ನಿಲ್ಲುವವರೆಗೆ ಆ ಕಡೆಯವರೂ ಕರೆ ಕಡಿಯಲಿಲ್ಲ, ನಾವೂ ಕಡಿಯಲಿಲ್ಲ.

ಏಪ್ರಿಲ್ 18, ಮಂಗಳವಾರ

ಮೊನ್ಸೆಫ್ ಕರಾರು ತೆರೆದು ಕೂತಿದ್ದ. "ಹಬ್ಬ ಬಂತು. ಏನು ಬರೀಲಿ? ವಿಡಿಯೊನಾ, ಧ್ವನಿನಾ?"

ಎರಡೂ ಇರಲಿ ಎಂದೆ. ಯಾವುದು ಬೇಕೋ ಬಂದವರೇ ಹೇಳಲಿ, ನಾವು ಆರಿಸುವುದು ಬೇಡ. ಪರದೆ ಮೊದಲು ನನ್ನ ಕಡೆಗೇ ಇರಬೇಕು ಎಂದು ಬರಿ. ಮಣ್ಣು ಮಾಡುವ ಮೊದಲು ಮನೆಯವರು ಮಾತಾಡಬೇಕು ಎಂದರೆ ಫೋನು ಹತ್ತಿರ ಇಡಬೇಕು ಎಂದೂ ಬರಿ.

"ಒಂದನ್ನ ಆರಿಸಿ ಅಂದಿದ್ರು. ಒಪ್ತಾರಾ?"

ಒಪ್ಪದಿದ್ದರೆ ಡಾಕ್ಟರ್ ಪಿಯಾಳನ್ನು ಕೇಳಲಿ ಎಂದೆ. ಅವನು ಬರೆದ. ಜೋಕು ಮಾಡಲಿಲ್ಲ. ಈಚೆಗೆ ಅವನು ಜೋಕು ಮಾಡುವುದು ಕಡಿಮೆಯಾಗಿದೆ. ಬಲ ಹುಬ್ಬಿನ ನಡುವೆ ಒಂದು ಕಡೆ ಕೂದಲಿಲ್ಲ, ಚಿಕ್ಕಂದಿನಲ್ಲಿ ಬಿದ್ದದ್ದಿರಬೇಕು.

ನಾಳೆ ಇಬ್ಬರು ಬರುತ್ತಾರೆ.

ಸಂಜೆ ಯೊಸ್ರಾ ಗೆಳತಿಯರ ಜೊತೆ ಹಬ್ಬದ ಬಟ್ಟೆಗೆ ಪೇಟೆಗೆ ಹೋದಳು. ಹಸಿರು ಜಾಕೆಟ್ಟು, ಕರಿ ಪ್ಯಾಂಟು, ಬಿಳಿ ಶೂ. ಜಾಕೆಟ್ಟಿನ ಬಲ ತೋಳಿನ ತುದಿಯಲ್ಲಿ ಗುಂಡಿ ಕಿತ್ತು ಹೋಗಿದೆ. ಅವಳ ಬಲ, ನೋಡುವವರ ಎಡ. ಹೊಲಿದು ಕೊಡಮ್ಮ ಎಂದು ವಾರದಿಂದ ಹೇಳುತ್ತಿದ್ದಾಳೆ. ಗುಂಡಿ ನನ್ನ ಹತ್ತಿರವೇ ಇದೆ. ಹೊಲಿಯುವುದಿಲ್ಲ, ಹಾಗೇ ಇರಲಿ.